ಬಿಸಿಲಲ್ಲಿ ಬಳಿದ ಮೇಣ

ನಮ್ಮ ಮನೆಯಲ್ಲಿ ಯಾವ ಪದಾರ್ಥವನ್ನೂ ಬರಿಮೈಯಲ್ಲಿ ಬಿಡುವ ವಾಡಿಕೆ ಇಲ್ಲ. ಉಪ್ಪಿನಕಾಯಿಯ ಮೇಲೆ ಎರಡು ಬೆರಳು ಎಣ್ಣೆ ನಿಲ್ಲಬೇಕು. ತೊಗರಿಬೇಳೆಗೆ ಹರಳೆಣ್ಣೆ ಸವರಿಯೇ ಡಬ್ಬಕ್ಕೆ ತುಂಬಬೇಕು. ಕಾವಲಿಗೆ ಎಣ್ಣೆಬಟ್ಟೆ, ಕೂಸಿಗೆ ಕಾಡಿಗೆ ಬೊಟ್ಟು, ಹೊಸಿಲಿಗೆ ಅರಿಶಿನ. ದೇವರನ್ನೂ ನಾವು ಬಿಟ್ಟಿಲ್ಲ. ಶನಿವಾರ ಶನಿವಾರ ಎಣ್ಣೆ ಕುಡಿದು ನಮ್ಮ ಯಲಹಂಕದ ಆಂಜನೇಯ ಕಪ್ಪಗೆ ಮಿರಮಿರ ಮಿಂಚುತ್ತಾನೆ, ಮೈಯಲ್ಲಿ ಒಂದು ಬಿರುಕಿಲ್ಲ. ಬೆಳಿಗ್ಗೆ ಹೇಳಿಕೊಳ್ಳುವ ಕವಚವೂ ಇದೇ ಜಾತಿಯದಲ್ಲವೆ? ತಲೆಯನ್ನು ಇಂಥವನು ಕಾಯಲಿ, ಕಣ್ಣನ್ನು ಇಂಥವನು ಕಾಯಲಿ ಎಂದು ಅಂಗ ಅಂಗಕ್ಕೂ ದೇವರ ಹೆಸರನ್ನು ಸವರಿಕೊಳ್ಳುವುದು. ಇಷ್ಟೆಲ್ಲ ಸವರಿದ ಮನೆಯಲ್ಲೇ ಆಷಾಢದ ಒಂದು ಬೆಳಿಗ್ಗೆ, ಹಲ್ಲುಜ್ಜುತ್ತಿದ್ದ ನಮ್ಮ ಯಜಮಾನರ ಬಲಗೈ ಸುಮ್ಮನೆ ಕೆಳಗೆ ಜಾರಿಬಿಟ್ಟಿತು. ಲಕ್ವ. ಕವಚದಲ್ಲಿ ಕೈಗೂ ಒಂದು ಸಾಲುಂಟು. ಆ ದಿನ ಅದನ್ನೂ ನಾನು ಬಿಡದೆ ಹೇಳಿದ್ದೆ.

ನಿಧಾನವಾಗಿ ನಡೆಯಬಹುದು, ಕಾರು ಮಾತ್ರ ಇನ್ನು ಓಡಿಸುವಂತಿಲ್ಲ ಎಂದರು ಡಾಕ್ಟರು. ಪ್ರಾಣ ಉಳಿಯಿತು, ತೊದಲಾದರೂ ಮಾತು ಉಳಿಯಿತು. ಉಳಿದದ್ದನ್ನು ನೆನೆದು ನಾನು ತುಪ್ಪದ ದೀಪ ಹಚ್ಚಿದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ದಿನವೂ ಹೆಬ್ಬಾಳದ ಕಚೇರಿಗೆ ತಾವೇ ಓಡಿಸಿಕೊಂಡು ಹೋಗುತ್ತಿದ್ದ ಹಳೆಯ ಕರೀ ಕಾರು ಹಿತ್ತಿಲ ಚಪ್ಪರದಲ್ಲಿ ಧೂಳು ಹೊದ್ದು ನಿಂತಿತು. ಆಯುಧಪೂಜೆ ಕಳೆದ ಮೇಲೆ ಯಶವಂತಪುರದ ನನ್ನ ಮೈದುನ ಶ್ರೀಕಂಠ ಅದನ್ನು ತೆಗೆದುಕೊಂಡು ಹೋಗುವುದೆಂದು ಮಾತಾಯಿತು. ಅದಕ್ಕೂ ಅವರು ಗೋಡೆಯನ್ನು ನೋಡಿಕೊಂಡೇ ತಲೆಯಾಡಿಸಿದರು. ಆ ಗೋಡೆಯಲ್ಲಿ ಸುಣ್ಣವೊಂದು ಬಿಟ್ಟು ಏನು ಕಾಣುತ್ತಿತ್ತೋ ನಾನರಿಯೆ. ಕಾರು ಹೋದರೆ ಹೋಗಲಿ, ಇವರೊಮ್ಮೆ ಈ ಕಡೆ ತಿರುಗಲಿ. ದೇವರ ಮುಂದೆ ನನ್ನ ಬೇಡಿಕೆ ಅದೊಂದೇ ಆಗಿತ್ತು.

ಭಾನುವಾರ ಬಂದರೆ ಕಾರಿನ ಮೈ ತಿಕ್ಕುವುದು ಅವರಿಗೆ ಸಂಧ್ಯಾವಂದನೆಯಷ್ಟೇ ನಿಷ್ಠೆಯ ಕೆಲಸ. ಆ ಒರೆಸುವ ಬಟ್ಟೆಯನ್ನು ನಾನು ಮುಟ್ಟಿದರೂ ಆಗುತ್ತಿರಲಿಲ್ಲ. ಅದಕ್ಕೇ ಹಬ್ಬಕ್ಕೆ ಮುಂಚೆ ಅವರ ಸಾಮಾನನ್ನೆಲ್ಲ ಮಂಚದ ಬಳಿ ತಂದಿಟ್ಟು, ‘ಈ ಸೀಸೇದು ಹಚ್ಚಲೋ, ಈ ಡಬ್ಬೀದೋ?’ ಎಂದು ಕೇಳಿದೆ. ಅವರು ಗೋಡೆಯಿಂದ ಕಣ್ಣು ಕೀಳಲಿಲ್ಲ.

ಉತ್ತರ ಕೊಟ್ಟವಳು ಅಟ್ಟೂರಿನಿಂದ ಹಾಲು ತರುವ ಮುನಿಯಮ್ಮ. “ಅಳ್ಳೆಣ್ಣೆ ಅಚ್ಚಿ ಕಣ್ರಮ್ಮ. ನಮ್ಮೆತ್ತಿನ ಕೊಂಬು ನೋಡಿಲ್ವಾ? ಮಕ ಕಾಣ್ತದೆ!”

“ಎತ್ತಿಗೆ ಧೂಳು ಕೂತ್ರೆ ಬಾಲದಲ್ಲಿ ಒದರ್ಕೊಳ್ಳುತ್ತೆ ಕಣೇ. ಕಾರಿಗೆ ಬಾಲ ಎಲ್ಲಿಂದ ತರ್ಲಿ?”

ಸೀಸೆಯಲ್ಲಿದ್ದದ್ದು ಮಜ್ಜಿಗೆಯಂತೆ ತೆಳ್ಳಗಿತ್ತು, ನಂಬಿಕೆ ಬರಲಿಲ್ಲ. ಚಪ್ಪಟೆ ಡಬ್ಬಿಯಲ್ಲಿ ಹಳದಿ ಮೇಣ ಗಟ್ಟಿಯಾಗಿ ಕೂತಿತ್ತು. ಕಾಯುವುದಾದರೆ ಇದೇ ಕಾಯಬೇಕು ಎನ್ನಿಸಿತು. ಹಚ್ಚುವುದೇನು ಮಹಾ ವಿದ್ಯೆ? ಹಬ್ಬದ ಎಣ್ಣೆನೀರು ಹಾಕಿ ಪಳಗಿದ ಕೈ ನನ್ನದು. ಕಾರನ್ನು ತೊಳೆದು, ಒಣಗಿಸಿ, ಇಬ್ಬರೂ ಸೇರಿ ಬಿಸಿಲಿಗೆ ತಳ್ಳಿದೆವು. ಎಣ್ಣೆ ಹಚ್ಚಿಸಿಕೊಂಡವರು ಎಳೆಬಿಸಿಲಿಗೆ ಕೂತರೆ ತಾನೆ ಮೈಗೆ ಇಳಿಯುವುದು? ಮೊದಲು ನೆತ್ತಿಗೆ ತಟ್ಟಿದೆ. ಆಮೇಲೆ ಬೆನ್ನು, ಪಕ್ಕೆ, ಎಲ್ಲಕ್ಕೂ ಧಾರಾಳವಾಗಿ ಬಳಿದೆ. ಬಾಯಲ್ಲಿ ಎಣ್ಣೆಶಾಸ್ತ್ರದ ಹಾಡು ತಾನಾಗಿ ಬಂತು. ಚೆನ್ನಾಗಿ ನೆನೆಯಲಿ ಎಂದು ಒಳಗೆ ಹೋಗಿ ಅನ್ನಕ್ಕಿಟ್ಟೆ.

ಹೊರಗೆ ಬಂದು ನೋಡಿದರೆ ಕಾರು ವಿಭೂತಿ ಬಳಿದುಕೊಂಡ ಬೈರಾಗಿಯಂತೆ ನಿಂತಿತ್ತು. ಮೇಣ ಬೆಳ್ಳಗೆ ಕಲ್ಲಾಗಿ ಕಚ್ಚಿಕೊಂಡಿತ್ತು. ತಿಕ್ಕಿದೆ, ಕೆರೆದೆ, ಜಪ್ಪಯ್ಯ ಎಂದರೂ ಬಿಡಲಿಲ್ಲ.

“ಅಯ್ಯೋ ಸಿವ್ನೇ, ಎಮ್ಮೆಗೆ ಸುಣ್ಣ ಬಳ್ದಂಗಾಯ್ತಲ್ಲ!” ಎಂದು ಮುನಿಯಮ್ಮ ಹೊಟ್ಟೆ ಹಿಡಿದುಕೊಂಡಳು. ನನಗೆ ಅಳು ಬಂತು. ಅಷ್ಟರಲ್ಲಿ ಕಿಟಕಿಯಿಂದ ತೊದಲು ಗದರಿಕೆ: “ಬಿಸ್ಲಲ್ಲಿ... ಬಿಸ್ಲಲ್ಲಿ ಯಾರೇ ಮೇಣ ಹಚ್ಚೋರು! ಅದೇನು ನಿಮ್ಮಪ್ಪನಾ, ಎಣ್ಣೆನೀರು ಹಾಕೋದಕ್ಕೆ!”

ಎಡಗೈಯಲ್ಲಿ ಕಿಟಕಿಯ ಸರಳು ಹಿಡಿದು ನಿಂತಿದ್ದರು. ನಮ್ಮಪ್ಪನನ್ನು ಅಂದರೆ ಎಂದೂ ಸುಮ್ಮನಿರದ ನಾನು ಆ ದಿನ ಆಸರೆಯಾಗಲು ಒಳಗೆ ಓಡಿದೆ.

ಬಾಗಿಲ ಚೌಕಟ್ಟು ಹಿಡಿದು, ನನ್ನ ಭುಜ ಹಿಡಿದು, ಹಿತ್ತಿಲಿಗೆ ಬಂದು ಮಣೆಯ ಮೇಲೆ ಕೂತರು. ಕಾರು ನೆರಳಿಗೆ ಹೋಯಿತು. ಕಲ್ಲಾದ ಮೇಣದ ಮೇಲೆ ಹೊಸ ಮೇಣವನ್ನೇ ಚೂರು ಸವರಿ, ಮೆತ್ತಗಾದ ಕೂಡಲೆ ಒರೆಸಬೇಕಂತೆ. ಒಂದು ಸಲಕ್ಕೆ ಒಂದು ಅಂಗೈ ಜಾಗ, ಹಳೆಯ ಮಲ್ಲುಪಂಚೆಯ ಚೂರಿನಿಂದ. ಇಷ್ಟು ಹೇಳುವುದಕ್ಕೆ ಅವರಿಗೆ ಬಹಳ ಹೊತ್ತು ಹಿಡಿಯಿತು. ಒಂದು ಬಾಗಿಲನ್ನು ತಾವೇ ಎಡಗೈಯಲ್ಲಿ ಒರೆಸಿದರು. ಬಲಗೈ ಯಾರೋ ಮರೆತು ಬಿಟ್ಟುಹೋದ ಗಂಟಿನಂತೆ ತೊಡೆಯ ಮೇಲಿತ್ತು. ಅದೂ ಅಲುಗಿತು ಎಂದು ಬರೆದು ನಿಮ್ಮನ್ನು ಸಂತೋಷಪಡಿಸಲಾರೆ. ಅಲುಗಲಿಲ್ಲ.

“ತೆಳ್ಳಗೆ ಹಚ್ಬೇಕು ಕಣೇ. ಆಗಾಗ ಹಚ್ತಿರ್ಬೇಕು. ದಪ್ಪಗೆ ಬಳಿದ್ರೆ ಕಾಯೋದಿಲ್ಲ,” ಎಂದರು. ಹಬ್ಬ ಹರಿದಿನಕ್ಕೆ ಸೇರುಗಟ್ಟಲೆ ಭಕ್ತಿ ಬಳಿದು, ಆಮೇಲೆ ಅನ್ನಕ್ಕಿಡಲು ಎದ್ದುಹೋಗುವ ನನಗೆ ಆ ಮಾತು ಕೊಂಚ ಚುಚ್ಚಿತು. ಎಷ್ಟು ತೆಳ್ಳಗೆ ಹಚ್ಚಿದರೂ ಮೇಣ ಕಾಯುವುದು ಬಣ್ಣವನ್ನಷ್ಟೆ. ಅಗಲಿ ಹೋಗುವುದನ್ನು ತಡೆಯುವ ಲೇಪ ಯಾವ ಡಬ್ಬಿಯಲ್ಲಿ ಬರುತ್ತದೆ?

ಪೂಜೆಯ ಮಾರನೆಯ ದಿನ ಶ್ರೀಕಂಠ ಬಂದ. ಅಣ್ಣನ ಮುಖ ನೋಡಲಾರದೆ ಬೇಗ ಬೇಗ ಕಾರು ಹತ್ತಿದ. ನಮ್ಮವರು ಗೇಟಿನವರೆಗೂ ನಡೆದು ಬಂದು, “ಮರದಡಿ ನಿಲ್ಲಿಸ್ಬೇಡ್ವೋ, ಹಕ್ಕಿ ಹೊಲಸು ಬಣ್ಣ ತಿನ್ನುತ್ತೆ,” ಎಂದರು. ಕಾರು ಅಲ್ಲಾಳಸಂದ್ರದ ಕಡೆ ತಿರುಗಿ ಮರೆಯಾಯಿತು. ಇನ್ನು ಒಳಗೆ ಹೋಗಿ ಮತ್ತೆ ಮಲಗುತ್ತಾರೆ ಎಂದುಕೊಂಡು ನಾನು ಎದೆ ಗಟ್ಟಿಮಾಡಿಕೊಂಡೆ. “ಸ್ವಲ್ಪ ಹೊತ್ತು ಇಲ್ಲೇ ನಿಂತ್ಕೊಳ್ಳೋಣ,” ಎಂದರು. ಅವರ ಕೆನ್ನೆ ಒದ್ದೆಯಾಗಿತ್ತು. ಆದರೆ ಮುಖ ರಸ್ತೆಯ ಕಡೆಗಿತ್ತು. ನಾನು ಅವರ ಬಲಕ್ಕೆ ನಿಂತು ತೋಳು ಹಿಡಿದುಕೊಂಡೆ. ದೇವರಿಗೆ ಕೈ ಮುಗಿಯಬೇಕೆನಿಸಿತು, ಒಂದು ಕೈಗೆ ಬಿಡುವಿರಲಿಲ್ಲ. ಇನ್ನೊಂದನ್ನೇ ಎದೆಯ ಮೇಲಿಟ್ಟುಕೊಂಡೆ. ಅರ್ಧ ನಮಸ್ಕಾರವೆಂದು ಅವನೇನೂ ಬೇಸರಪಟ್ಟಿರಲಾರ. ಈಗ ನಮ್ಮ ಮನೆಯಿಂದ ಇಬ್ಬರೂ ಒಪ್ಪಿಸುವುದು ಅಷ್ಟನ್ನೇ.