ಬೋರಿಂಗ್ ಮಾರೆವ್ವನ ಮುಯ್ಯಿ

ಶ್ರಾವಣದ ಮೋಡ ಇಂದು ಬೆಳಕು ಹರಿಯುವ ಮೊದಲೇ ಅಳವಂಡಿಯ ಕಡೆಯಿಂದ ಇಳಿದು ಬಂದಿದೆ. ಸುರಿಯುವ ಮಳೆಯಲ್ಲ, ಹಿಟ್ಟು ಜರಡಿ ಹಿಡಿದಂತೆ ಉದುರುವ ತುಂತುರು. ಹೆಸರುಕಾಯಿ ಬಿಡಿಸುವ ಕಾಲ. ಇನ್ನೆರಡು ದಿನ ಹೀಗೇ ಹಿಡಿದರೆ ಕಾಯೊಳಗೇ ಕಾಳು ಮೊಳೆತುಬಿಡುತ್ತದೆ. ಮಾರೆವ್ವನ ಅರ್ಧ ಹೊಲ ಇನ್ನೂ ಬಿಡಿಸದೆ ನಿಂತಿದೆ.

ಆದರೂ ಅವಳು ಹೊಲದ ಹಾದಿ ಹಿಡಿದಿಲ್ಲ. ಕಚ್ಚೆ ಬಿಗಿದು, ಹೆಗಲ ಮೇಲೆ ನಟ್ಟು ಬಿಚ್ಚುವ ಪಾನಾ ಹೊತ್ತು ಹನುಮಪ್ಪನ ಗುಡಿಯ ಮುಂದಿನ ಬೋರಿಂಗಿನ ಹತ್ತಿರ ನಿಂತಿದ್ದಾಳೆ. ನಿನ್ನೆ ಸಂಜೆಯಿಂದ ಕೈಪಂಪಿನ ಹಿಡಿ ಆಡುತ್ತದೆ, ನೀರು ಬರುವುದಿಲ್ಲ.

"ಒಳಗಿನ ರಬ್ಬರ್ ವಾಸರ ಸವದೈತಿ. ಕೊಳವಿ ಎಲ್ಲಾ ಮ್ಯಾಲೆ ತಗೀಬೇಕು," ಎಂದು ಅವಳ ಕತೆ ಕೇಳಲು ಬಂದ ನಮಗೆ ಹೇಳುತ್ತಾಳೆ. "ಹೊಲ ನಂದೊಬ್ಬಾಕೀದು, ನೀರು ಎಲ್ಲಾರದ್ರಿ." ಆಮೇಲೆ ಓಣಿಗೆಲ್ಲ ಕೇಳುವಂತೆ ಕೂಗುತ್ತಾಳೆ: "ಕೈ ಹಚ್ಚಾಕ ಬರ್ರವಾ!"

ಯಲಬುರ್ಗಾ ಸೀಮೆಯ ಈ ಸಣ್ಣ ಊರಿಗೆ 1998ರಲ್ಲಿ ಹೆಣ್ಣುಮಕ್ಕಳಿಗೆ ಪಂಪು ರಿಪೇರಿ ಕಲಿಸುವವರು ಬಂದಾಗ ಮುಂದೆ ಬಂದವಳು ಮಾರೆವ್ವ ಒಬ್ಬಳೇ. ಗಂಡ ಗಾಳೆಪ್ಪ ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ, ಹಬ್ಬಕ್ಕೆ ಬರುವವನು. "ರೊಟ್ಟಿ ಬಡಿಯೋ ಕೈಗೆ ಪಾನಾ ಬಂತಲ್ಲೋ!" ಎಂದು ಕಟ್ಟೆಯ ಮೇಲಿನ ಗಂಡಸರು ನಕ್ಕರು. ಆ ನಗೆ ಅವಳಿಗೆ ಛಲ ಹುಟ್ಟಿಸಿತು. ನಾಲ್ಕಾಳು ಹಿಡಿದು ಎತ್ತಬೇಕಾದ ಕೊಳವಿಗಳನ್ನು ಒಂದು ದಿನ ಒಬ್ಬಳೇ ಎತ್ತಲು ಹೋದಳು. ಹಿಡಿತ ಜಾರಿ ಕೊಳವಿಯ ಸರವೆಲ್ಲ ಬೋರಿನ ತಳ ಸೇರಿತು. ಆ ಬೇಸಿಗೆ ಊರು ಹಳ್ಳದ ಒರತೆಯಿಂದ ನೀರು ಹೊತ್ತಿತು. ಅವಳ ಎಡಗೈಯ ಒಂದು ಬೆರಳು ಇಂದಿಗೂ ಸೊಟ್ಟ.

"ಒಬ್ಬಾಕೇ ಎತ್ತತೀನಂತ ಹೋಗಿ ಊರ ಬಾಯಿ ಒಣಗಿಸಿದ್ನಿರಿ. ನೀರಂದ್ರ ಗಂಗವ್ವ, ಆಕಿ ಒಬ್ಬರ ಜಂಬಕ್ಕ ಬರಾಕಿ ಅಲ್ಲ."

ಅಂದಿನಿಂದ ಕೂಗಿ ಕರೆಯುತ್ತಾಳೆ. ಆದರೆ ಕೊಳವಿ ಹಿಡಿದವರ ಹೊಲಕ್ಕೆ ಹೋಗಿ ಒಂದು ದಿನ ಕಳೆ ಕಿತ್ತು ಬಂದರೇನೇ ಅವಳಿಗೆ ನಿದ್ದೆ. ಕೈಗೆ ಕೈ ಕೊಡುವ ಈ ಮುಯ್ಯಿಯಲ್ಲಿ ಅವಳು ಕೊಡುವವಳೇ ಹೊರತು, ತನ್ನ ಹೊಲಕ್ಕೆ ಯಾರನ್ನೂ ಕರೆದವಳಲ್ಲ.

ತುಂತುರಿನಲ್ಲೇ ನಾಲ್ವರು ಹೆಂಗಸರು ಬಂದು ಕೊಳವಿಗೆ ಕೈ ಹಚ್ಚುತ್ತಾರೆ. ಮೊದಲು ಹಿಡಿದವಳು ನೆರೆಮನೆಯ ಲಾಲಬೀ. ಅವಳ ಬಾಯಿಗೆ ಬಿಡುವಿಲ್ಲ.

"ಮಾರೆವ್ವಾ, ನಾಳೆ ಮತ್ತ ನನ್ನ ಹೊಲಕ್ಕ ಕಳೆ ಕೀಳಾಕ ಕುರ್ಚಿಗಿ ಹಿಡಕೊಂಡು ಬರತೀ ಹೌದಿಲ್ಲ? ಈ ನೀರು ನಾವೂ ಕುಡೀತೀವಿ ಹುಚ್ಚಿ!"

"ಋಣ ಇಟ್ಕೊಂಡು ಸಾಯಬಾರದವ್ವಾ."

"ನಿನ್ನ ಋಣ ನೀ ತೀರಿಸಿದಿ. ನಮ್ಮ ಋಣಾ? ನಾವು ಇಟ್ಕೊಂಡ ಸಾಯಬೇಕೇನು?"

ಉಳಿದವರು ನಗುತ್ತಾರೆ. ಮಾರೆವ್ವ ಹೊಸ ವಾಸರ ಕೂಡಿಸಿ, ಕೊಳವಿಗಳನ್ನು ಒಂದೊಂದಾಗಿ ಇಳಿಸಿ, ಹಿಡಿ ಒತ್ತುತ್ತಾಳೆ. ಬಂದ ಮೊದಲ ತಂಬಿಗೆ ನೀರು ಹನುಮಪ್ಪನ ಮೆಟ್ಟಿಲಿಗೆ.

ಮೋಡ ಇನ್ನಷ್ಟು ಕಪ್ಪಾಗುತ್ತದೆ. ಪಾನಾ ಒರೆಸಿಟ್ಟು, ಬುಟ್ಟಿ ತೆಗೆದುಕೊಂಡು ನಾಲ್ಕು ಹೆಜ್ಜೆ ಹೋದವಳು ನಿಲ್ಲುತ್ತಾಳೆ. ಪಂಪಿನ ಹತ್ತಿರ ಓಣಿಗೆಲ್ಲ ಕೇಳಿದ ದನಿ ಈಗ ಪಕ್ಕದವರಿಗೂ ಸರಿಯಾಗಿ ಕೇಳದು.

"ಲಾಲಬೀ... ನನ್ನ ಹೆಸರುಕಾಯಿ ಅರ್ಧಾ ನಿಂತಾವ. ಒಬ್ಬಾಕಿಗೆ ಆಗವಲ್ಲದು. ಕೈ ಹಚ್ಚತೀರೇನವಾ?"

ಲಾಲಬೀ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾಳೆ. "ಇಷ್ಟ ಕೇಳಾಕ ಇಷ್ಟ ವರ್ಷ ಬೇಕಾತೇನ?"

ನಾಲ್ವರೂ ಮಾರೆವ್ವನ ಹಿಂದೆ ಹೊರಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಹೊಲದಲ್ಲಿ ಐದು ಬೆನ್ನುಗಳು ಸಾಲಾಗಿ ಬಾಗಿವೆ. ಮುಂದಿನ ಆಸೆ ಏನೆಂದು ಕೇಳಿದರೆ ಮಾರೆವ್ವ ಬಾಗಿದಲ್ಲೇ ಹೇಳುತ್ತಾಳೆ: "ನನ್ನ ಹಿಂದ ಯಾರರ ಒಬ್ಬಾಕಿ ಪಾನಾ ಹಿಡೀಬೇಕ್ರಿ." ಇನ್ನೊಂದು ಕಾಯಿ ಬಿಡಿಸಿ ಸೇರಿಸುತ್ತಾಳೆ: "ಒಬ್ಬಾಕಿ ಬ್ಯಾಡ. ನಾಕ ಮಂದಿ ಹಿಡೀಲಿ."

ಅಷ್ಟರಲ್ಲಿ ಲಾಲಬೀ ಸಾಲು ಮುಗಿಸಿ ಬದುವಿಗೆ ಬರುತ್ತಾಳೆ. ಉಡಿ ತುಂಬ ತಂದ ಕಾಯಿಗಳನ್ನು ಮಾರೆವ್ವನ ಬುಟ್ಟಿಗೆ ಸುರಿದು, ಸೆರಗು ಕೊಡವಿ, ಮುಂದಿನ ಸಾಲಿಗೆ ಬಾಗುತ್ತಾಳೆ.