ಮೂರನೇ ಭಾಗದ ಶಿಳ್ಳೆ

ಹೊಸನಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್ ಆಗಿದ್ದ ಕಾಲದಲ್ಲಿ ಲೋಕವೆಲ್ಲ ಮೂರು ಮೂರು ನಿಮಿಷದ ತುಂಡುಗಳಲ್ಲಿ ನಡೆಯುತ್ತಿತ್ತು. ದೂರದೂರಿಗೆ ಟ್ರಂಕ್ ಕಾಲ್ ಹಚ್ಚಿಕೊಟ್ಟು, ಒಂದು ಕಾಲಿನ ದುಡ್ಡಿಗೆ ಸಿಗುವ ಮೂರು ನಿಮಿಷವಾದ ಕೂಡಲೇ ನಡುವೆ ಬಾಯಿ ಹಾಕಿ "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಎಂದು ಕೇಳುವುದು ನನ್ನ ಕೆಲಸ. ಹೆರಿಗೆ, ಸಾವು, ಅಡಿಕೆ ರೇಟು, ಸೊಸೆಯ ಮೇಲಿನ ದೂರು, ಎಲ್ಲವನ್ನೂ ಜನ ಅಷ್ಟರೊಳಗೆ ಹೇಳಿ ಮುಗಿಸುತ್ತಿದ್ದರು. ಹಾಗಾಗಿ ಹಾಡೂ ಅಷ್ಟರಲ್ಲಿ ಮುಗಿಯಬೇಕು, ಮುಗಿಯದಿದ್ದರೆ ಹಾಡುವವನಿಗೆ ಏನು ಹೇಳಬೇಕೆಂದೇ ಗೊತ್ತಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯವಾಗಿತ್ತು.

ಇಂಥ ನನ್ನನ್ನು ನೋಡಲು ಬಂದ ಗಂಡು, ಹತ್ತು ನಿಮಿಷಕ್ಕಿಂತ ಚಿಕ್ಕದನ್ನು ಹಾಡೆಂದೇ ಒಪ್ಪದ ಮನುಷ್ಯ. ಸಾಗರದ ಒಂದು ಬ್ಯಾಂಕಿನಲ್ಲಿ ಗುಮಾಸ್ತರು. ಅವರೂ ಮೂವರು ಸ್ನೇಹಿತರೂ ಭಾನುವಾರ ಒಂದು ಬಾಡಿಗೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಪ್ರೋಗ್ರೆಸಿವ್ ರಾಕ್ ಕೇಳುತ್ತಿದ್ದರಂತೆ. ಜೊತೆಗೆ ಬಂದಿದ್ದ ಅವರ ತೀರ್ಥಹಳ್ಳಿಯ ಚಿಕ್ಕಮ್ಮ ಇದನ್ನು ಹುಡುಗನಿಗಿರುವ ಒಂದೇ ಒಂದು ಚಟ ಎಂಬಂತೆ ಮೊದಲೇ ಹೇಳಿಬಿಟ್ಟರು. ಹಾಗಂದರೇನು ಎಂದು ನಮ್ಮಮ್ಮ ಕೇಳಿದಳು.

"ಒಂದೇ ಹಾಡಲ್ಲಿ ನಾಲ್ಕೈದು ಭಾಗ ಇರುತ್ತೆ. ತಾಳ ಬದಲಾಗ್ತಾ ಇರುತ್ತೆ. ಯಾವಾಗ ನಿಧಾನ ಆಗುತ್ತೆ, ಯಾವಾಗ ಓಡುತ್ತೆ, ಎಲ್ಲಿ ಮುಗಿಯುತ್ತೆ, ಮೊದ್ಲೇ ಹೇಳಕ್ಕಾಗಲ್ಲ," ಎಂದು ಅವರು ಭಕ್ತಿಯಿಂದ ವಿವರಿಸಿದರು.

"ಎಂತ, ನಮ್ಮೂರ ಬಸ್ಸಿನ ಹಂಗೆ," ಎಂದಳು ಅಮ್ಮ.

ಅದಕ್ಕೆ ಮುಂಚೆ ಬಂದಿದ್ದ ಮೂವರು ಗಂಡುಗಳೂ ನನಗೆ ಹಾಡಲು ಹೇಳಿದ್ದರು. ನನ್ನ ಸ್ವರ ಲೈನ್ ಬ್ಯುಸಿ ಇದೆ ಎಂದು ತಿಳಿಸಲಿಕ್ಕೆ ಮಾತ್ರ ಲಾಯಕ್ಕು. ಮೂವರೂ ಅವಲಕ್ಕಿ ತಿಂದು ಹೋದವರು ಮತ್ತೆ ಸುದ್ದಿ ಇಲ್ಲ. ಇವರು ಹಾಡಿ ಎನ್ನಲಿಲ್ಲ. ಮೂಲೆಯಲ್ಲಿದ್ದ ಟೇಪ್ ರೆಕಾರ್ಡರ್ ನೋಡಿ, "ನೀವು ಏನು ಕೇಳ್ತೀರಿ?" ಎಂದರು. ನನ್ನ ಇಪ್ಪತ್ತೈದು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆ ಕ್ಷಣವೇ ಅವರು ನನಗೆ ಇಷ್ಟವಾದರು. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

ಇಷ್ಟವಾದ ಗಡಿಬಿಡಿಯಲ್ಲಿ ಒಳಗೆ ಯಾವ ಕ್ಯಾಸೆಟ್ ಇದೆಯೆಂದು ನೋಡದೆ ಗುಂಡಿ ಒತ್ತಿದೆ.

ಆ ಕ್ಯಾಸೆಟ್ಟಿನ ಕತೆ ಇಷ್ಟೇ. ವಿದೇಶದ ಒಂದು ಸ್ಟೇಷನ್ನಿನಲ್ಲಿ ಭಾನುವಾರ ಮಧ್ಯಾಹ್ನ ಕೋರಿಕೆಯ ಹಾಡುಗಳು ಬರುತ್ತಿದ್ದವು. ಪ್ರೀತಿ ಪ್ರೇಮದ ಪುಟ್ಟ ಹಾಡುಗಳಿಗೆ ಹೆಸರಾದ ಗುಂಪೊಂದರ, ವಾರವಾರವೂ ಯಾರಾದರೂ ಕೋರುತ್ತಿದ್ದ ಹಾಡು ನನ್ನನ್ನು ಹಿಡಿದುಬಿಟ್ಟಿತ್ತು. ರೇಡಿಯೋದ ಎದುರು ಟೇಪ್ ರೆಕಾರ್ಡರ್ ಇಟ್ಟು, ಮನೆಯವರೆಲ್ಲ ಉಸಿರು ಬಿಗಿಹಿಡಿಯಬೇಕೆಂದು ಅಪ್ಪಣೆ ಮಾಡಿ ಕೂತೆ. ಮೊದಲ ಭಾನುವಾರ ಅರ್ಧ ಹಾಡಿಗೇ ಸ್ಟೇಷನ್ ಗುಂಯ್ ಎನ್ನುತ್ತಾ ದೂರ ಹೋಯಿತು. ಎರಡನೇ ಭಾನುವಾರ ಸೆಲ್ ಸೊರಗಿತ್ತು. ಬಚ್ಚಲೊಲೆಯ ಕಟ್ಟೆಯ ಮೇಲಿಟ್ಟು ಬೆಚ್ಚಗೆ ಮಾಡಿ ಹಾಕಿದ್ದೆ, ಆದರೂ ನಡುವೆ ಟೇಪು ತೆವಳತೊಡಗಿತು. ಹಾಗೆ ತೆವಳಿ ರೆಕಾರ್ಡಾದದ್ದನ್ನು ಆಮೇಲೆ ಹೊಸ ಸೆಲ್ಲಿನಲ್ಲಿ ಕೇಳಿದರೆ ಹಾಡು ಬರಬರುತ್ತಾ ಬಾಲ ಸುಟ್ಟ ಬೆಕ್ಕಿನಂತೆ ಓಡುತ್ತಿತ್ತು. ಮೂರನೇ ಭಾನುವಾರ ಎಲ್ಲವೂ ಸರಿಯಿತ್ತು, ಆದರೆ ಹಾಡಿನ ನಡುವೆ ಗಿಟಾರ್ ನಿಲ್ಲುವ ಮೌನದಲ್ಲಿ ಅಡುಗೆಮನೆಯ ಕುಕ್ಕರ್ ಮೂರು ಸಲ ಕೂಗಿತು. ನಾಲ್ಕನೇ ಭಾನುವಾರ ಹಾಡು ಪೂರ್ತಿ ಸಿಕ್ಕಿತು. ಹಳೆಯದನ್ನು ಅಳಿಸಲು ಮನಸ್ಸು ಬರದೆ ಒಂದರ ಹಿಂದೆ ಒಂದನ್ನು ತುಂಬಿಸುತ್ತಾ ಬಂದಿದ್ದರಿಂದ ನಾಲ್ಕೂ ಸೇರಿ ಹನ್ನೊಂದು ನಿಮಿಷವಾಗಿತ್ತು.

ಗುಮಾಸ್ತರು ಅವಲಕ್ಕಿ ತಟ್ಟೆ ಕೆಳಗಿಟ್ಟು ಹನ್ನೊಂದು ನಿಮಿಷವೂ ಅಲುಗಾಡದೆ ಕೇಳಿದರು. ನಾನು ನಿಲ್ಲಿಸಲು ಎದ್ದರೆ ಕೈಯೆತ್ತಿ ತಡೆದರು.

"ಇದು ಅವ್ರಾ? ಆ ಲವ್ ಸಾಂಗ್ ನವ್ರಾ?" ಎಂದರು ಕೊನೆಗೆ. "ಒಂದೇ ರಾಗವನ್ನ ನಾಲ್ಕು ಥರ ತಗೊಂಡು ಹೋಗಿದಾರಲ್ರೀ!"

ಜೇಬಿನಿಂದ ಒಂದು ಪುಟ್ಟ ನೋಟ್‌ಬುಕ್ ಹೊರಬಂತು. ಯಾರಿಂದ ಇಂಥದ್ದನ್ನು ಯಾರೂ ನಿರೀಕ್ಷಿಸುವುದಿಲ್ಲವೋ ಅಂಥವರು ಮಾಡಿದ ಪ್ರೋಗ್ರೆಸಿವ್ ಹಾಡುಗಳ ಪಟ್ಟಿ ಅದರಲ್ಲಿತ್ತು. ಪಾರ್ಟಿಗಳಲ್ಲಿ ಜನರನ್ನು ಕುಣಿಸುವ ಗುಂಪೊಂದು ಒಮ್ಮೆ ಯಾಕೋ ತಲೆಕೆಟ್ಟು ಒಂಬತ್ತು ನಿಮಿಷ ಬಾರಿಸಿತ್ತಂತೆ. ಸೂಟು ಹಾಕಿ ಹಲ್ಲು ಕಿಸಿಯುವ ಹುಡುಗರ ಗುಂಪೊಂದು ರೆಕಾರ್ಡಿನ ಇಡೀ ಒಂದು ಬದಿಯನ್ನು ಒಂದೇ ಹಾಡಿಗೆ ಕೊಟ್ಟಿತ್ತಂತೆ. ಅವುಗಳನ್ನೆಲ್ಲ ಕೆಳಗೆ ತಳ್ಳಿ ನನ್ನ ಗುಂಪಿನ ಹೆಸರನ್ನು ಎಲ್ಲಕ್ಕಿಂತ ಮೇಲೆ ಬರೆದುಕೊಂಡರು. ಕ್ಯಾಸೆಟ್ಟನ್ನು ಕಡ ಕೇಳಿ ತೆಗೆದುಕೊಂಡು ಹೋದರು. ಆಗಲೇ ನಿಜ ಹೇಳಬಹುದಿತ್ತು. ಆದರೆ ಅಷ್ಟು ಖುಷಿಯಾಗಿದ್ದ ಮುಖವನ್ನು ಕೆಡಿಸಲು ನನಗೆ ಧೈರ್ಯ ಬರಲಿಲ್ಲ.

"ತಿಳಿಸ್ತೀವಿ," ಎಂದು ಹೋದ ಚಿಕ್ಕಮ್ಮ ಒಂದು ತಿಂಗಳಾದರೂ ಏನೂ ತಿಳಿಸಲಿಲ್ಲ. ಬಂದದ್ದು ಸಾಗರದಿಂದ ಎರಡು ಇನ್‌ಲ್ಯಾಂಡ್ ಪತ್ರ. ಒಂದರ ತುಂಬ ಎರಡನೇ ಭಾಗದ ವೇಗದ ವರ್ಣನೆ, ಇನ್ನೊಂದರ ತುಂಬ ಮೊದಲನೇ ಭಾಗದ ಕೊನೆಯ ಗುಂಯ್‌ಗುಡುವಿಕೆಯ ಗೂಢಾರ್ಥ. ಅಪ್ಪ ಎರಡನ್ನೂ ಓದಿ ಕನ್ನಡಕ ತೆಗೆದು, "ಹುಡುಗ ಕ್ಯಾಸೆಟ್ಟನ್ನ ಒಪ್ಪಿದಾನೆ. ಹುಡುಗೀನ ಒಪ್ಪಿದಾನಾ ಕೇಳು," ಎಂದರು. ನಗು ಬಂದರೂ ಒಳಗೆ ಚುರುಕ್ ಎಂದಿತು.

ಆಮೇಲೊಂದು ದಿನ ಸಾಗರದಿಂದ ಹೊಸನಗರ ಎಕ್ಸ್‌ಚೇಂಜಿನ ಆಪರೇಟರಿಗೇ ಒಂದು ಟ್ರಂಕ್ ಕಾಲ್ ಬಂತು. ಹಚ್ಚಿಕೊಟ್ಟ ಸಾಗರದ ಆಪರೇಟರಮ್ಮನನ್ನು ನಾನು ನೋಡಿರಲಿಲ್ಲ, ಸ್ವರ ಮಾತ್ರ ಪರಿಚಯ. ಆಕೆ ನಗು ತಡೆದುಕೊಂಡಿದ್ದು ನನಗೆ ಚೆನ್ನಾಗಿ ಕೇಳಿಸಿತು.

"ಮುಂದಿನ ಭಾನುವಾರ ತೀರ್ಥಹಳ್ಳಿಗೆ ಬನ್ನಿ. ಚಿಕ್ಕಮ್ಮನ ಮನೇಲಿ ಮಾತುಕತೆ. ನನ್ನ ಸ್ನೇಹಿತರೂ ಬರ್ತಾರೆ, ಹಾಡು ಕೇಳಿಸ್ಬೇಕು," ಎಂದರು ಗುಮಾಸ್ತರು. ಒಂದೊಂದು ಹಾಡಿಗೂ ಕೋಣೆಯಲ್ಲಿ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವ ಆ ಸ್ನೇಹಿತರಿಂದ ಇದನ್ನು ಮಾತ್ರ ಅಲ್ಲಿಯವರೆಗೆ ಬಚ್ಚಿಟ್ಟಿದ್ದರಂತೆ. ಆಮೇಲೆ ತುಂಬ ಗಂಭೀರವಾಗಿ, "ಮೂರನೇ ಭಾಗದಲ್ಲಿ ಒಂದು ಶಿಳ್ಳೆ ಬರುತ್ತಲ್ಲ, ಅದು ಯಾವ ವಾದ್ಯ ಅಂತೀರಿ?" ಎಂದು ಕೇಳಿದರು.

"ನೋಡಿ, ಅದು ಏನಂದ್ರೆ..." ಎಂದು ನಾನು ಧೈರ್ಯ ತಂದುಕೊಳ್ಳುವಷ್ಟರಲ್ಲಿ ನಡುವೆ ಸಾಗರದ ಆಪರೇಟರಮ್ಮನ ಸ್ವರ ಬಂತು.

"ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?"

"ಬೇಡ," ಎಂದೆ. ಆ ಪ್ರಶ್ನೆ ಎಷ್ಟು ಕೆಟ್ಟದ್ದೆಂದು ಅವತ್ತೇ ತಿಳಿದದ್ದು.

ಹುಂಚದ ಮೇಲೆ ಹೋಗುವ ಬಸ್ಸಿನಲ್ಲಿ ಅಪ್ಪ, ಅಮ್ಮ, ನಾನು ತೀರ್ಥಹಳ್ಳಿಗೆ ಹೊರಟೆವು. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಹೇಳಿದರೆ ಸ್ನೇಹಿತರ ಎದುರು ಅವರ ಮಾನ ಹೋಗುತ್ತದೆ, ಜೊತೆಗೆ ನನ್ನ ಸಂಬಂಧವೂ. ಹೇಳದಿದ್ದರೆ ಮದುವೆಯಾಗಬಹುದು. ಆದರೆ ಜೀವಮಾನವಿಡೀ ಬಂದ ನೆಂಟರಿಗೆಲ್ಲ ಕಾಫಿಯ ಜೊತೆ ಆ ಹನ್ನೊಂದು ನಿಮಿಷ ಕೇಳಿಸುತ್ತಾರೆ, ನಾನು ಮುಖ ಗಂಭೀರ ಮಾಡಿಕೊಂಡು ತಲೆದೂಗಬೇಕು.

ಚಿಕ್ಕಮ್ಮನ ಜಗಲಿಯಲ್ಲಿ ಮೂವರು ಸ್ನೇಹಿತರು ಪರೀಕ್ಷೆ ತೆಗೆದುಕೊಳ್ಳಲು ಬಂದವರಂತೆ ಕೂತಿದ್ದರು. ಟೇಪು ಶುರುವಾಯಿತು. ಮೊದಲ ಭಾಗಕ್ಕೆ ಒಬ್ಬರು ಕಣ್ಣು ಮುಚ್ಚಿದರು. ಎರಡನೆಯದಕ್ಕೆ ಇನ್ನೊಬ್ಬರು "ಓಹೋ" ಎಂದರು. ಗುಮಾಸ್ತರು ನನ್ನ ಕಡೆ ನೋಡಿ ಹೆಮ್ಮೆಯಿಂದ ಮುಗುಳ್ನಕ್ಕರು. ಆ ನಗು ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಟೇಪು ನಿಲ್ಲಿಸಿದೆ.

ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಸ್ಟೇಷನ್ ಹೋದದ್ದು, ಸೆಲ್ ಸೊರಗಿದ್ದು, ಕುಕ್ಕರ್ ಕೂಗಿದ್ದು. ಅಭ್ಯಾಸಬಲದಿಂದ ಮೂರು ನಿಮಿಷದೊಳಗೇ ಮುಗಿಸಿದೆ.

"ಅವತ್ತು ಬೇಳೆ ಬೇಯ್ತಾ ಇತ್ತು ಕಣೇ, ನಾನೆಂತ ಮಾಡ್ಲಿ," ಎಂದು ಅಮ್ಮ ಗಾಬರಿಯಲ್ಲಿ ಎದ್ದು ನಿಂತಳು.

ಸ್ನೇಹಿತರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಪ್ರೋಗ್ರೆಸಿವ್ ಕುಕ್ಕರ್!" ಎಂದು ಒಬ್ಬರು ಕೂಗಿದರು. ಅಪ್ಪ ಮೆಟ್ಟಿಲ ಕೆಳಗಿದ್ದ ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು.

ಗುಮಾಸ್ತರು ಮಾತ್ರ ನಗಲಿಲ್ಲ. ಕಿವಿ ಕೆಂಪಗಾಗಿತ್ತು. ನೋಟ್‌ಬುಕ್ ತೆಗೆದು ಮೊದಲ ಸಾಲಿನ ಮೇಲೆ ಅಡ್ಡಗೆರೆ ಎಳೆದರು. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

"ಒಂದು ಹಾಡಿಗೆ ನಾಲ್ಕು ಭಾನುವಾರ ಕೂತಿದ್ರಾ?" ಎಂದರು ತಲೆಯೆತ್ತದೆ.

"ಹೂಂ."

"ಕುಕ್ಕರ್ ಇಟ್ಟಿದ್ದು ಯಾರು?"

"ಅಮ್ಮ."

ಅವರು ಇನ್ನೇನೋ ಬರೆದು, ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟರು. ಗುಂಪಿನ ಹೆಸರು ಹೊಡೆದುಹಾಕಿದ ಜಾಗದಲ್ಲಿ ನನ್ನ ಹೆಸರಿತ್ತು. ಅದರ ಕೆಳಗೆ ಇನ್ನೊಂದು ಸಾಲು: "ಮೂರನೇ ಭಾಗದ ಶಿಳ್ಳೆ, ಅತ್ತೆ."

"ಎಂತದೇ ಬರ್ದಿದಾರೆ?" ಎಂದು ಅಮ್ಮ ಪಿಸುಗುಟ್ಟಿದಳು. ನೋಟ್‌ಬುಕ್ಕನ್ನು ಅವಳ ಕೈಗಿಟ್ಟೆ. ಅಮ್ಮ ಅದನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದಳು. ಆಮೇಲೆ ಇನ್ನೂ ಚಪ್ಪಲಿ ನೋಡುತ್ತಿದ್ದ ಅಪ್ಪನ ಕಡೆ ತಿರುಗಿ, "ಹುಡುಗೀನ ಒಪ್ಪಿದಾರೆ ಕಣ್ರೀ," ಎಂದಳು.