ಬಲಗಡೆಯ ಹೂವು

ಕೊರಟಗೆರೆಯಲ್ಲಿ ಬಸ್ಸು ಹತ್ತಿದ ಹೆಂಗಸೊಬ್ಬಳು ಒದ್ದೆ ಸೇವಂತಿಗೆಯ ಚೀಲ ಹಿಡಿದು ನನ್ನ ಮುಂದಿನ ಸೀಟಿನಲ್ಲಿ ಕೂತಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಪಕ್ಕದ ಮನೆಯ ಪೂಜಾರಪ್ಪ ನೆನಪಾದರು. ಜೊತೆಗೆ ಕೋಪವೂ ಬಂತು. ಅವರು ಹೋಗಿ ಇಷ್ಟು ವರ್ಷವಾದರೂ ಅದು ಇಳಿದಿಲ್ಲ.

ಆಗ ನಾನು ಮಿಡಿಗೇಶಿಯಲ್ಲಿ ವಿಜ್ಞಾನದ ಮೇಷ್ಟ್ರು. ದೇವರಿಲ್ಲ ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದೆ. ಅವರೋ, ಕುರಿ ಹೊಡೆದುಕೊಂಡು ಹೋಗುವ ಮೊದಲು ಬೆಟ್ಟದ ಬುಡದ ಅಮ್ಮನ ಗುಡಿಯಲ್ಲಿ ಪೂಜೆ ಮಾಡುತ್ತಿದ್ದರು. ಮದುವೆಯಾಗಲಿ, ಬೋರ್‌ವೆಲ್ಲಾಗಲಿ, ಊರಿನವರು ಅಲ್ಲಿ ಹೂ ಕೇಳಬೇಕು. ವಿಗ್ರಹದ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸುವುದು. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ.

ನಮ್ಮವ್ವನಿಗೆ ಆಪರೇಷನ್ ಆಗಲೇಬೇಕಿತ್ತು. ಹೂ ಕೇಳದೆ ಆಸ್ಪತ್ರೆಯ ಮೆಟ್ಟಿಲು ತುಳಿಯುವುದಿಲ್ಲವೆಂದು ಹಟ ಹಿಡಿದಳು. ಹಲ್ಲು ಕಚ್ಚಿಕೊಂಡು ಕರೆದೊಯ್ದೆ. ಪೂಜಾರಪ್ಪ ಎಡಗಡೆಯ ಹೂವನ್ನು ಚೆನ್ನಾಗಿ ನೆನೆಸಿ ಇಟ್ಟರು. ಬಲಗಡೆಯದನ್ನು ಮಾತ್ರ ಬೆರಳಲ್ಲಿ ಮೆಲ್ಲಗೆ ಹಿಂಡಿದರು. ನೀರಿನ ಅಂಟು ಕಡಿಮೆಯಾಗಿ ಅದು ಬೇಗ ಬಿತ್ತು.

ಹೊರಗೆ ಅವರನ್ನು ತಡೆದು, “ದೇವ್ರು ಅಂತ ಒಬ್ಳು ಇದ್ದಾಳೋ ಇಲ್ವೋ, ಈಗ್ಲಾದ್ರೂ ನಿಜ ಹೇಳಿ,” ಎಂದೆ.

“ನಿಮ್ಮವ್ವ ಬದುಕ್ಬೇಕೋ ಬ್ಯಾಡ್ವೋ, ಮೊದ್ಲು ಅದೇಳಿ ಮೇಷ್ಟ್ರೇ.”

ಕೋಲು ಎತ್ತಿಕೊಂಡು ಕುರಿಗಳ ಹಿಂದೆ ಹೋಗಿಬಿಟ್ಟರು. ಅವ್ವ ಇವತ್ತಿಗೂ ಗಟ್ಟಿಯಾಗಿದ್ದಾಳೆ...

ನಾಲ್ಕು ವರ್ಷದ ಮೇಲೆ ಪೂಜಾರಪ್ಪನವರ ಹೊಟ್ಟೆಯಲ್ಲೇ ಗೆಡ್ಡೆ ಕಾಣಿಸಿತು. ಬೇಗ ತೆಗೆಸಬೇಕೆಂದರು ಡಾಕ್ಟರು. ಪೂಜಾರಿ ತನ್ನ ಪ್ರಶ್ನೆಗೆ ತಾನೇ ಹೂ ಇಡುವಂತಿಲ್ಲ. “ಮಿಂದ್ಕಂಡು ಬಂದು ನೀವೇ ಇಕ್ಕಿ,” ಎಂದರು ನನಗೆ.

ಮೋಸವಿಲ್ಲದೆ ಇಟ್ಟರೆ ಇದೆಲ್ಲ ಬರೀ ನೀರಿನ ಆಟವೆಂದು ತೋರಿಸಿಬಿಡುವ ಹುಮ್ಮಸ್ಸು ನನಗೆ. ಎರಡು ಹೂವನ್ನೂ ಸರಿಸಮ ಅದ್ದಿ ಇಟ್ಟೆ. ಎಡಗಡೆಯದು ಬಿತ್ತು.

ಅವರು ನನ್ನ ಮುಖವನ್ನೇ ನೋಡಿದರು. “ಆಯ್ತು ಬುಡಿ.”

ಆಮೇಲೆ ಬೈದೆ, ಕೈಮುಗಿದೆ, ಬಾಗಿಲಿಗೇ ಕಾರು ತಂದು ನಿಲ್ಲಿಸಿದೆ. “ಅಮ್ಮ ಬ್ಯಾಡ ಅಂದವ್ಳೆ,” ಎಂದು ಕಂಬಳಿ ಹೊದ್ದು ಮಲಗಿದರು. ಮಳೆಗಾಲ ಕಾಣಲಿಲ್ಲ.

ಊರಲ್ಲಿ ಅಷ್ಟು ಜನರಿರುವಾಗ, ಆ ಗುಟ್ಟು ಗೊತ್ತಿದ್ದ ನನ್ನನ್ನೇ ಏಕೆ ಕರೆದರು? ಈ ಮೇಷ್ಟ್ರು ಮೋಸ ಮಾಡುವುದಿಲ್ಲವೆಂದೋ, ಮಾಡುತ್ತಾನೆಂದೋ? ದೇವರ ಪ್ರಶ್ನೆ ಹಾಳಾಗಲಿ, ಇದಕ್ಕಾದರೂ ಅವರು ಉತ್ತರ ಹೇಳಿ ಹೋಗಬಾರದಿತ್ತೇ...

ಮಧುಗಿರಿಯಲ್ಲಿ ಆ ಹೆಂಗಸು ಇಳಿದಳು. ಸೀಟಿನ ಮೇಲೆ ಒಂದು ಹೂ ಉಳಿದಿತ್ತು. ಎತ್ತಿಕೊಂಡು ಎರಡು ಬೆರಳಲ್ಲಿ ಹಿಂಡಿದೆ. ನೀರು ಇಳಿಯಿತು. ಅವತ್ತು ನಾನು ಮಾಡಬೇಕಿದ್ದದ್ದು ಇಷ್ಟೇ.